ಮಂಡಿ, ಭುಜ, ಪಾದದ ಗಂಟು: ಆಟದ ಗಾಯವನ್ನು ಕೈಯಿಂದ ಪರೀಕ್ಷಿಸೋದನ್ನು ಕಲಿಯುವುದು ಹೇಗೆ?

ಬಿಪಿಟಿ_ಇಂಟರ್ನ್_ಧಾರವಾಡ

ಎಲ್ಲರಿಗೂ ನಮಸ್ಕಾರ. ಬಿಪಿಟಿ, ಅಂದರೆ ಫಿಸಿಯೊಥೆರಪಿ ಪದವಿ ಮುಗಿಸಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಮುಂದೆ ಆಟಗಾರರ ಜೊತೆಗೇ ಕೆಲಸ ಮಾಡಬೇಕು ಅಂತ ಆಸೆ. ನಮ್ಮ ಕಡೆ ಕುಸ್ತಿ, ಕಬಡ್ಡಿ, ಕ್ರಿಕೆಟ್ ಮೂರೂ ಜೋರು. ಮಂಡಿ, ಭುಜ, ಪಾದದ ಗಂಟಿನ ನೋವು ಅಂತ ಒಪಿಡಿಗೆ ಬರುವ ಹುಡುಗರು ಜಾಸ್ತಿ.

ಮಂಡಿಗೆ ಲಾಕ್‌ಮನ್, ಆಂಟೀರಿಯರ್ ಡ್ರಾಯರ್, ಪಿವಟ್ ಶಿಫ್ಟ್, ಮೆಕ್‌ಮರ್ರಿ, ಥೆಸಲಿ ಪರೀಕ್ಷೆಗಳು. ಭುಜಕ್ಕೆ ಇನ್ನೂ ಉದ್ದದ ಪಟ್ಟಿ. ಹೆಸರೆಲ್ಲ ಬಾಯಿಪಾಠ ಇದೆ. ಆದರೆ ಆಟಗಾರ ಎದುರಿಗೆ ಕೂತಾಗ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ತಿಳಿಯಲ್ಲ. ಇನ್ನೊಂದು ಕಷ್ಟ, ನನ್ನ ಕೈ ಚಿಕ್ಕದು. ಪೈಲ್ವಾನರ ತೊಡೆ ಹಿಡಿತಕ್ಕೇ ಸಿಗಲ್ಲ. ಲಾಕ್‌ಮನ್ ಮಾಡಿದರೂ ನನಗೆ ಏನೂ ಗೊತ್ತಾಗಲ್ಲ. ಅನುಭವ ಇರುವವರು ದಯವಿಟ್ಟು ವಿವರವಾಗಿ ಹೇಳಿ.

ಕಬಡ್ಡಿ_ಫಿಸಿಯೊ_ಕರಾವಳಿ

ಆ ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಮೊದಲು ಏನಾಯಿತು ಅಂತ ಕೇಳಿ. ಮಂಡಿಯ ವಿಷಯದಲ್ಲಂತೂ ಸರಿಯಾಗಿ ಕೇಳಿದರೆ, ಕೈ ಇಡುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದಿರುತ್ತದೆ.

ನಾನು ಕೇಳುವುದು ಹೀಗೆ. ಆ ಹೊತ್ತಿಗೆ ಏನು ಮಾಡುತ್ತಿದ್ದೆ? ಪಾದ ನೆಲಕ್ಕೆ ಊರಿತ್ತಾ? ಯಾರಾದರೂ ಮೇಲೆ ಬಿದ್ದರಾ, ಇಲ್ಲಾ ನೀನೇ ತಿರುಗುವಾಗ ಆಯಿತಾ? ಒಳಗೆ 'ಟಪ್' ಅಂತಾ? ಎದ್ದು ಆಟ ಮುಂದುವರಿಸಿದೆಯಾ, ಎತ್ತಿಕೊಂಡು ಹೋದರಾ? ಊತ ಎಷ್ಟು ಹೊತ್ತಿಗೆ ಬಂತು? ಈಗ ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಡುತ್ತಾ? ಮಡಚಿದ ಮಂಡಿ ಸಿಕ್ಕಿಕೊಂಡು ನೆಟ್ಟಗಾಗದೆ ಉಳಿಯುತ್ತಾ?

ಇದರಲ್ಲಿ ಊತದ ಪ್ರಶ್ನೆಯನ್ನು ಮಾತ್ರ ಬಿಡಲೇಬೇಡಿ. ಎರಡು ಗಂಟೆಯೊಳಗೆ ಮಂಡಿ ದಪ್ಪಗಾಗಿದ್ದರೆ ಕೀಲಿನೊಳಗೆ ರಕ್ತ ತುಂಬಿದೆ ಅಂತಲೇ ಯೋಚಿಸಿ. ಅದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಎಸಿಎಲ್ ಹರಿದಿರುವುದು. ಎಸಿಎಲ್ ಅಂದರೆ ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಕೀಲಿನೊಳಗೆ ತಡೆಯುವ ಲಿಗಮೆಂಟ್, ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ. ಮಂಡಿಚಿಪ್ಪು ಜಾರಿದ್ದರೂ, ಮೂಳೆ ಬಿರುಕು ಬಿಟ್ಟಿದ್ದರೂ ಹೀಗೇ ಆಗುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ಊದಿಕೊಂಡಿತ್ತು ಅಂದರೆ ಮೆನಿಸ್ಕಸ್, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆಯ ಕಡೆ ಗಮನ ಹೋಗಬೇಕು. ನೋವೆಲ್ಲ ಒಳಬದಿಗೇ ಇದೆ, ಊತವೂ ಅಲ್ಲಷ್ಟೇ, ಮಂಡಿಯೊಳಗೆ ನೀರೇನೂ ಇಲ್ಲ ಅಂದರೆ ಒಳಬದಿಯ ಲಿಗಮೆಂಟ್ ಆದ ಎಂಸಿಎಲ್‌ಗೆ ಪೆಟ್ಟಾಗಿರಬಹುದು.

ಕಬಡ್ಡಿಯಲ್ಲಿ ನಾನು ಹೆಚ್ಚಾಗಿ ನೋಡುವ ಗಾಯ ಇದು. ರೈಡರ್ ಬೋನಸ್ ಲೈನ್ ಮುಟ್ಟಿ ಮಧ್ಯರೇಖೆಯ ಕಡೆ ತಿರುಗುತ್ತಾನೆ. ಅಷ್ಟರಲ್ಲಿ ಕಾರ್ನರ್ ಆಟಗಾರ ಆಂಕಲ್ ಹೋಲ್ಡ್ ಹಾಕಿರುತ್ತಾನೆ. ಪಾದ ಮ್ಯಾಟ್‌ಗೆ ಕಚ್ಚಿಕೊಂಡಿದೆ, ಮೈ ತಿರುಗಿದೆ, ಮಂಡಿ ಒಳಕ್ಕೆ ಬಾಗಿದೆ. 'ಟಪ್' ಅಂದದ್ದು ಆಟಗಾರನಿಗೇ ಕೇಳಿಸಿರುತ್ತದೆ. ಇಷ್ಟು ವಿವರ ಸಿಕ್ಕಿದ ಮೇಲೆ ಲಾಕ್‌ಮನ್‌ಗೆ ಕೈ ಹಾಕುವಾಗ ಏನನ್ನು ಹುಡುಕುತ್ತಿದ್ದೇನೆ ಅಂತ ನನಗೆ ಗೊತ್ತಿರುತ್ತದೆ.

ಹಾಗೇ ಆಟವನ್ನು ಕಲಿಯಿರಿ. ಥೈ ಹೋಲ್ಡ್, ಡ್ಯಾಶ್, ಬ್ಲಾಕ್ ಯಾವುದು ಹೇಗಿರುತ್ತೆ ಅಂತ ಗೊತ್ತಿಲ್ಲದಿದ್ದರೆ ಆಟಗಾರ ಹೇಳಿದ್ದು ಅರ್ಧ ಅರ್ಥ ಆಗುತ್ತದೆ. ಕುಸ್ತಿ ನಿಮ್ಮ ಊರಿನ ಆಟ. ಗರಡಿಗೆ ಹೋಗಿ ಕೂತು ನೋಡಿ.

ಮಿಡಲ್_ಆರ್ಡರ್_ಮೈಸೂರು

ನಾನು ಆಟಗಾರ, ವೈದ್ಯನಲ್ಲ. ತಪ್ಪು ತಿಳಿಯಬೇಡಿ. ಒಂದು ಎಂಆರ್‌ಐ ಮಾಡಿಸಿದರೆ ಎಲ್ಲ ಗೊತ್ತಾಗುತ್ತೆ ಅಲ್ವಾ? ಈ ತಿರುಚಿ, ಎಳೆದು ನೋಡೋದೆಲ್ಲ ಯಾಕೆ?

ಮೂಳೆ_ಡಾಕ್ಟರ್_ಬೆಂಗಳೂರು

ಒಳ್ಳೆಯ ಪ್ರಶ್ನೆ. ಒಪಿಡಿಯಲ್ಲೂ ನನ್ನನ್ನು ಕೇಳುತ್ತಾರೆ.

ಎಂಆರ್‌ಐ ಚಿತ್ರ ಕೊಡುತ್ತದೆ. ಆ ಚಿತ್ರದಲ್ಲಿ ಕಂಡದ್ದೇ ನಿಮ್ಮ ನೋವಿಗೆ ಕಾರಣವಾ ಅನ್ನೋದನ್ನು ಅದು ಹೇಳುವುದಿಲ್ಲ. ಯಾವ ನೋವೂ ಇಲ್ಲದೆ ಆರಾಮಾಗಿ ಓಡಾಡುವ ನಡುವಯಸ್ಸಿನವರ ಮಂಡಿಯನ್ನು ಸ್ಕ್ಯಾನ್ ಮಾಡಿದರೂ ಎಷ್ಟೋ ಜನರಲ್ಲಿ ಮೆನಿಸ್ಕಸ್ ಹರಿದಿರುವುದು ಕಾಣುತ್ತದೆ. ರಿಪೋರ್ಟ್ ಓದಿ ಗಾಬರಿಯಾಗಿ, ಬೇಡದ ಆಪರೇಷನ್‌ಗೆ ತಯಾರಾಗಿ ಬರುವವರನ್ನು ನೋಡಿದ್ದೇನೆ. ಇನ್ನು ಅಸ್ಥಿರತೆ ಇದೆಯಲ್ಲ, ಅಂದರೆ ತಿರುಗುವಾಗ ಮಂಡಿ ಜಾರುವುದು, ಅದು ಮಲಗಿಸಿ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ. ಕೈಗೆ ಸಿಗುತ್ತದೆ. ಖರ್ಚಿನ ಮಾತೂ ಇದೆ. ತಾಲ್ಲೂಕು ಮಟ್ಟದಲ್ಲಿ ಆಡುವ ಹುಡುಗನ ಮನೆಯವರಿಗೆ ಸ್ಕ್ಯಾನ್‌ಗೆ ಕೊಡುವ ಸಾವಿರಾರು ರೂಪಾಯಿ ಸಣ್ಣದಲ್ಲ.

ಈಗ ಇಂಟರ್ನ್ ಅವರಿಗೆ. ಲಾಕ್‌ಮನ್ ಪರೀಕ್ಷೆಗೆ ಆ ಹೆಸರು ಬಂದದ್ದು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಜಾನ್ ಲಾಕ್‌ಮನ್ ಅವರಿಂದ. ಅವರ ಜೊತೆಗಿದ್ದ ಜೋಸೆಫ್ ಟೋರ್ಗ್ 1976ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಮಂಡಿಯನ್ನು 90 ಡಿಗ್ರಿ ಮಡಚುವ ಡ್ರಾಯರ್ ಪರೀಕ್ಷೆ ಹೊಸ ಗಾಯದಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಊದಿದ ಮಂಡಿ ಅಷ್ಟು ಮಡಚುವುದೇ ಇಲ್ಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಬಿಗಿಹಿಡಿದು ಮಂಡಿಯ ಕೆಳಗಿನ ಕಾಲನ್ನು ಹಿಂದಕ್ಕೆ ಎಳೆದಿಡುತ್ತದೆ. ಲಾಕ್‌ಮನ್‌ಗೆ 20ರಿಂದ 30 ಡಿಗ್ರಿ ಮಡಚಿದರೆ ಸಾಕು, ನೋವಿನ ಮಂಡಿಯೂ ಅಷ್ಟು ಒಪ್ಪಿಕೊಳ್ಳುತ್ತದೆ. ಎಸಿಎಲ್ ಹರಿದವರಲ್ಲಿ ಸುಮಾರು 85 ಶೇಕಡ ಜನರಲ್ಲಿ ಇದು ಪಾಸಿಟಿವ್ ಬರುತ್ತದೆ. ಮಂಡಿಯನ್ನು ತಿರುಚಿ ಜಾರುತ್ತದಾ ಅಂತ ನೋಡುವ ಪಿವಟ್ ಶಿಫ್ಟ್ ಇದಕ್ಕೆ ಉಲ್ಟಾ. ಎಚ್ಚರದಲ್ಲಿರುವ ಆಟಗಾರ ಭಯದಿಂದ ಬಿಗಿಹಿಡಿಯುವುದರಿಂದ ಎಷ್ಟೋ ಸಲ ತಪ್ಪಿಹೋಗುತ್ತದೆ. ಆದರೆ ಸಿಕ್ಕರೆ ಎಸಿಎಲ್ ಹರಿದಿದೆ ಅಂತ ಬಹುಮಟ್ಟಿಗೆ ಖಾತ್ರಿ.

ಮುಖ್ಯವಾಗಿ ತಿಳಿಯಬೇಕಾದದ್ದು, ಎಳೆದಾಗ ಮಂಡಿಯ ಕೆಳಗಿನ ಮೂಳೆ ಎಷ್ಟು ಮಿಲಿಮೀಟರ್ ಮುಂದೆ ಬಂತು ಅನ್ನೋದಕ್ಕಿಂತ ಕೊನೆಯಲ್ಲಿ ಹೇಗೆ ನಿಂತಿತು ಅನ್ನೋದು. ಸರಿಯಾಗಿರುವ ಎಸಿಎಲ್, ಸಡಿಲ ಹಗ್ಗ ಎಳೆದು ಬಿಗಿಯಾದ ಹಾಗೆ ಗಟ್ಟಿಯಾಗಿ ತಡೆದು ನಿಲ್ಲಿಸುತ್ತದೆ. ಹರಿದಿದ್ದರೆ ಆ ತಡೆ ಸಿಗುವುದಿಲ್ಲ, ಮೆತ್ತಗೆ ಹೋಗುತ್ತಾ ಇರುತ್ತದೆ. ಇದು ಗೊತ್ತಾಗಬೇಕಾದರೆ ಮೊದಲು ಚೆನ್ನಾಗಿರುವ ಕಾಲನ್ನು ನೋಡಬೇಕು. ಯಾವತ್ತೂ ಒಳ್ಳೆಯ ಕಾಲು ಮೊದಲು, ನೋಯುವ ಕಾಲು ಆಮೇಲೆ.

ಒಂದು ಎಚ್ಚರ. ಎರಡೂ ಮಂಡಿ 90 ಡಿಗ್ರಿ ಮಡಚಿ ಪಕ್ಕದಿಂದ ನೋಡಿ. ಒಂದು ಕಡೆ ಮಂಡಿಯ ಕೆಳಗಿನ ಕಾಲು ಹಿಂದಕ್ಕೆ ಕುಸಿದಿದ್ದರೆ ಪಿಸಿಎಲ್, ಅಂದರೆ ಅದನ್ನು ಹಿಂದಕ್ಕೆ ಜಾರದಂತೆ ತಡೆಯುವ ಲಿಗಮೆಂಟ್ ಹೋಗಿದೆ. ಅದನ್ನು ನೋಡದೆ ಡ್ರಾಯರ್ ಮಾಡಿದರೆ, ಹಿಂದೆ ಬಿದ್ದ ಮೂಳೆ ತನ್ನ ಜಾಗಕ್ಕೆ ಮರಳುವುದನ್ನೇ ಎಸಿಎಲ್ ಗಾಯ ಅಂತ ಓದಿಬಿಡುತ್ತೀರಿ.

ಬಿಪಿಟಿ_ಇಂಟರ್ನ್_ಧಾರವಾಡ

ಸರ್, ತುಂಬಾ ಥ್ಯಾಂಕ್ಸ್. ಕೊನೆಯಲ್ಲಿ ಹೇಗೆ ನಿಲ್ಲುತ್ತೆ ಅನ್ನೋದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಚಿಕ್ಕ ಕೈಗೆ ಏನಾದರೂ ದಾರಿ ಇದೆಯಾ?

ಲೀಡ್ಸ್_ಫಿಸಿಯೊ_ಅಕ್ಕ

ಇದಕ್ಕೆ ನಾನು ಹೇಳುತ್ತೇನೆ, ನನ್ನ ಕೈಯೂ ಚಿಕ್ಕದೇ. ಇಲ್ಲಿ ರಗ್ಬಿ ಆಟಗಾರರ ತೊಡೆಗಳೂ ನಿಮ್ಮ ಪೈಲ್ವಾನರ ತೊಡೆಗಿಂತ ಕಡಿಮೆ ಏನಿಲ್ಲ.

ನಿಮ್ಮ ಮಂಡಿಯನ್ನು ಟೇಬಲ್ ಮೇಲೆ ಮಡಚಿಟ್ಟು, ಆಟಗಾರನ ತೊಡೆಯನ್ನು ಅದರ ಮೇಲೆ ಇಡಿ. ಬೇಕಾದ 20-30 ಡಿಗ್ರಿ ತಾನಾಗಿ ಬರುತ್ತದೆ. ಒಂದು ಕೈಯಿಂದ ತೊಡೆಯನ್ನು ಮೇಲಿನಿಂದ ನಿಮ್ಮ ಮಂಡಿಗೆ ಒತ್ತಿ ಹಿಡಿಯಿರಿ. ಸುತ್ತು ಹಿಡಿಯುವ ಅಗತ್ಯವೇ ಇಲ್ಲ. ಇನ್ನೊಂದು ಕೈಯ ಹೆಬ್ಬೆರಳು ಟಿಬಿಯಾದ, ಅಂದರೆ ಮಂಡಿಯ ಕೆಳಗಿನ ದೊಡ್ಡ ಮೂಳೆಯ ಮುಂದಿನ ಉಬ್ಬಿನ ಮೇಲಿರಲಿ, ಬೆರಳುಗಳು ಹಿಂದೆ. ಈಗ ಎಳೆಯಿರಿ. ಅದೂ ಕಷ್ಟವಾದರೆ ಬೋರಲು ಮಲಗಿಸಿ, ಮಂಡಿಯ ಕೆಳಗಿನ ಕಾಲನ್ನು ನಿಮ್ಮ ತೋಳಿನ ಮೇಲೆ ಇಟ್ಟುಕೊಂಡು ಹಿಂದಿನಿಂದ ಕೆಳಕ್ಕೆ ತಳ್ಳಿ. ಇದು ಪ್ರೋನ್ ಲಾಕ್‌ಮನ್.

ಎಲ್ಲಕ್ಕಿಂತ ಮೊದಲು ಹ್ಯಾಮ್‌ಸ್ಟ್ರಿಂಗ್ ಮೇಲೆ ಬೆರಳಿಟ್ಟು ನೋಡಿ. ಬಿಗಿಯಾಗಿದ್ದರೆ ಪರೀಕ್ಷೆ ಶುರುವನ್ನೇ ಮಾಡಬೇಡಿ. ತಲೆಗೆ ದಿಂಬು ಕೊಡಿ, ಮಾತಾಡಿಸಿ, ಕಾಲು ಸಡಿಲವಾಗಲಿ. ಏನು ಮಾಡುತ್ತೀರಿ ಅಂತ ಮೊದಲೇ ಹೇಳಿ, ಒಪ್ಪಿಗೆ ಕೇಳಿ. ಹುಡುಗಿಯರನ್ನು ಪರೀಕ್ಷಿಸುವ ಪುರುಷರು ಜೊತೆಗೆ ಇನ್ನೊಬ್ಬ ಮಹಿಳೆ ಇರುವ ಹಾಗೆ ನೋಡಿಕೊಳ್ಳಿ. ಹೆದರಿದ ಸ್ನಾಯು ಯಾವ ಪರೀಕ್ಷೆಯನ್ನೂ ಸರಿಯಾಗಿ ಮಾಡಲು ಬಿಡುವುದಿಲ್ಲ.

ಪಿಇ_ಮೇಷ್ಟ್ರು_ಹಾಸನ

ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಮೈದಾನದಲ್ಲಿ ಮೊದಲು ನೋಡುವವರು ನಾವೇ. ಖೋಖೋ, ವಾಲಿಬಾಲ್‌ನಲ್ಲಿ ಪಾದ ಒಳಕ್ಕೆ ಮಡಚಿ ಉಳುಕುವುದು ತೀರಾ ಸಾಮಾನ್ಯ. ಮನೆಯವರು ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ, ಇಲ್ಲಾ ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸುತ್ತಾರೆ. ಎಕ್ಸ್‌ರೇ ಬೇಕಾ ಬೇಡವಾ ಅಂತ ಮೈದಾನದಲ್ಲೇ ತಿಳಿಯುವ ದಾರಿ ಇದೆಯಾ? ಎಲ್ಲರನ್ನೂ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಲು ಆಗಲ್ಲ.

ಲೀಡ್ಸ್_ಫಿಸಿಯೊ_ಅಕ್ಕ

ಇದೆ ಸರ್. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಅವರ ತಂಡ 1992ರಲ್ಲಿ ಪ್ರಕಟಿಸಿದ ನಿಯಮಗಳು. ಒಟ್ಟಾವಾ ಆಂಕಲ್ ರೂಲ್ಸ್ ಅಂತಾರೆ. ಇಲ್ಲಿ ತುರ್ತು ವಿಭಾಗದಲ್ಲಿ ದಿನಾ ಬಳಸುತ್ತೇವೆ.

ಪಾದದ ಗಂಟಿನ ಎರಡೂ ಬದಿ ಉಬ್ಬಿದ ಮೂಳೆ ಇದೆಯಲ್ಲ, ಅದರ ಹಿಂಬದಿ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಒತ್ತಿ ನೋಡಿ. ಮೂಳೆಯ ಮೇಲೇ ನೋವಿದ್ದರೆ ಎಕ್ಸ್‌ರೇ. ಪಾದದ ಹೊರ ಅಂಚಿನ ಮಧ್ಯದಲ್ಲಿ ಕೈಗೆ ಸಿಗುವ ಗುಬುಟು, ಅಂದರೆ ಐದನೇ ಮೆಟಟಾರ್ಸಲ್‌ನ ಬುಡ, ಅಲ್ಲಿ ನೋವಿದ್ದರೂ ಎಕ್ಸ್‌ರೇ. ಒಳಬದಿಯ ನ್ಯಾವಿಕ್ಯುಲರ್ ಮೂಳೆಯ ಮೇಲೆ ನೋವಿದ್ದರೂ ಹಾಗೇ. ಇನ್ನು ಪೆಟ್ಟಾದ ತಕ್ಷಣವೂ, ನೀವು ಪರೀಕ್ಷಿಸುವಾಗಲೂ ನಾಲ್ಕು ಹೆಜ್ಜೆ ಹಾಕಲು ಆಗಲಿಲ್ಲ ಅಂದರೆ ಎಕ್ಸ್‌ರೇ ಬೇಕು. ಕುಂಟುತ್ತಾ ನಾಲ್ಕು ಹೆಜ್ಜೆ ಹಾಕಿದರೂ ನಡೆದ ಲೆಕ್ಕವೇ. ಇವು ಯಾವುದೂ ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ.

ಊತ ನೋಡಿ ತೀರ್ಮಾನ ಮಾಡಬೇಡಿ. ಲಿಗಮೆಂಟ್ ಗಾಯದಲ್ಲಿ ಮೊಟ್ಟೆ ಗಾತ್ರ ಊದಿದರೂ ಮೂಳೆ ಸರಿಯಾಗಿರಬಹುದು. ಬೆರಳು ಎಲ್ಲಿ ಒತ್ತಿದಾಗ ಹುಡುಗಿ ಕಿರುಚಿದಳು, ಅದು ಮುಖ್ಯ. ಬೆಳೆಯುವ ಮಕ್ಕಳಲ್ಲಿ ಮೂಳೆ ತುದಿಯ ಬೆಳವಣಿಗೆ ಪದರ ಲಿಗಮೆಂಟ್‌ಗಿಂತ ದುರ್ಬಲ ಇರುತ್ತದೆ. ಅಲ್ಲಿ ನೋವಿದ್ದರೆ ಡಾಕ್ಟರ್‌ಗೆ ತೋರಿಸಿಬಿಡಿ.

ಇನ್ನೊಂದು ವಿಷಯ, ಇಂಟರ್ನ್ ಅವರಿಗೂ. ಲಿಗಮೆಂಟ್ ಪೂರ್ತಿ ಹರಿದಿದೆಯಾ ಅಂತ ಮೊದಲ ದಿನವೇ ತಿಳಿಯಲು ಒದ್ದಾಡಬೇಡಿ. ಊತ, ನೋವು, ಬಿಗಿತದಲ್ಲಿ ಏನೂ ಸಿಗುವುದಿಲ್ಲ. ನಾಲ್ಕೈದು ದಿನ ಬಿಟ್ಟು ಮತ್ತೆ ನೋಡಿ. ಆಗ ರಕ್ತ ಕಟ್ಟಿದ ನೀಲಿ ಬಣ್ಣ, ಒತ್ತಿದಾಗಿನ ನೋವು, ಹಿಮ್ಮಡಿಯನ್ನು ಮುಂದಕ್ಕೆ ಎಳೆದು ನೋಡುವ ಪಾದದ ಗಂಟಿನ ಆಂಟೀರಿಯರ್ ಡ್ರಾಯರ್ ಮೂರನ್ನೂ ಸೇರಿಸಿ ನೋಡಿದರೆ ಉತ್ತರ ಎಷ್ಟೋ ಸ್ಪಷ್ಟ. ಎರಡನೇ ಸಲದ ಪರೀಕ್ಷೆಯನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ ಅನ್ನೋದು ನನ್ನ ಬೇಸರ.

ಕಬಡ್ಡಿ_ಫಿಸಿಯೊ_ಕರಾವಳಿ

ಮೇಷ್ಟ್ರೇ, ತಿಕ್ಕುವ ವಿಷಯದಲ್ಲಿ ನನ್ನದೊಂದು ಮಾತು. ತೊಡೆಯ ಮುಂಭಾಗಕ್ಕೆ ಎದುರಾಳಿಯ ಮಂಡಿ ಬಡಿದು ಕಲ್ಲಿನ ಹಾಗೆ ಗಟ್ಟಿಯಾದಾಗ ದಯವಿಟ್ಟು ಯಾರೂ ತಿಕ್ಕದಂತೆ ನೋಡಿಕೊಳ್ಳಿ. ಶಾಖವೂ ಬೇಡ. ಒಳಗೆ ಕಟ್ಟಿದ ರಕ್ತದ ಜಾಗದಲ್ಲಿ ಮೂಳೆ ಬೆಳೆಯಬಹುದು, ಮಯೋಸೈಟಿಸ್ ಆಸಿಫಿಕನ್ಸ್ ಅಂತಾರೆ. ಆಮೇಲೆ ಮಂಡಿ ಪೂರ್ತಿ ಮಡಚುವುದೇ ಇಲ್ಲ. ಅಂಥ ಗಾಯದಲ್ಲಿ ಮಂಡಿ ಎಷ್ಟು ಮಡಚುತ್ತದೆ ಅಂತ ದಿನಾ ಅಳೆದು ಬರೆದಿಡಿ. ತೀವ್ರತೆ ಅದರಲ್ಲೇ ಗೊತ್ತಾಗುತ್ತದೆ.

ಜೆರ್ಸಿ ಹಿಡಿದೆಳೆಯುವಾಗ ಬೆರಳಿಗೆ ಆಗುವ ಗಾಯವನ್ನೂ ಎಲ್ಲರೂ ಉಳುಕು ಅಂತ ಬಿಟ್ಟುಬಿಡುತ್ತಾರೆ. ಹೆಚ್ಚಾಗಿ ಉಂಗುರ ಬೆರಳು. ಬೆರಳಿನ ನಡುವಿನ ಗಂಟನ್ನು ನೆಟ್ಟಗೆ ಹಿಡಿದು, ತುದಿಯನ್ನು ಮಾತ್ರ ಮಡಚಲು ಹೇಳಿ. ಮಡಚಲು ಆಗದಿದ್ದರೆ ಸ್ನಾಯುರಜ್ಜು ಮೂಳೆಯಿಂದ ಕಿತ್ತು ಬಂದಿದೆ. ಅದು ಅಂಗೈವರೆಗೆ ಹಿಂದೆ ಸರಿದಿದ್ದರೆ ವಾರ ಹತ್ತು ದಿನದೊಳಗೆ ಹೊಲಿಯಬೇಕು. ತಿಂಗಳಾದ ಮೇಲೆ ಬಂದರೆ ಸರ್ಜನ್ ಕೈಯಲ್ಲೂ ಅಷ್ಟು ಸುಲಭ ಇಲ್ಲ.

ಬೌಲರ್_ಅಪ್ಪ_ದಾವಣಗೆರೆ

ನನ್ನ ಮಗನಿಗೆ ಹದಿನೈದು, ಬಲಗೈ ವೇಗದ ಬೌಲರ್. ಸೊಂಟದ ಎಡಭಾಗದಲ್ಲಿ ನೋವು ಅಂತಾನೆ. ಬೌಲಿಂಗ್ ಮಾಡಿದರೆ ಮಾತ್ರ, ಬ್ಯಾಟಿಂಗ್‌ನಲ್ಲಿ ಇಲ್ಲ. ಕೋಚ್ ಸ್ನಾಯು ಹಿಡಿದಿದೆ, ಸ್ಟ್ರೆಚ್ ಮಾಡು ಅಂದಿದ್ದಾರೆ. ಇಲ್ಲಿ ಕೇಳಬಹುದಾ?

ಮೂಳೆ_ಡಾಕ್ಟರ್_ಬೆಂಗಳೂರು

ಖಂಡಿತ ಕೇಳಬಹುದು. ಇದನ್ನು ಮುಂದಕ್ಕೆ ಹಾಕಬೇಡಿ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗೆ, ಬೌಲಿಂಗ್ ಕೈಯ ಎದುರು ಬದಿಯಲ್ಲಿ, ಬೌಲಿಂಗ್ ಮಾಡಿದಾಗ ಬರುವ ಸೊಂಟದ ನೋವನ್ನು ಬೇರೆ ಕಾರಣ ಸಿಗುವವರೆಗೆ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಪದೇ ಪದೇ ಒತ್ತಡ ಬಿದ್ದು ಮೂಳೆಯಲ್ಲಾಗುವ ಬಿರುಕು ಅಂತಲೇ ನೋಡಬೇಕು. ಬೆನ್ನುಮೂಳೆಯ ಕೆಳಭಾಗದಲ್ಲಿ ಪಾರ್ಸ್ ಅನ್ನುವ ಸಣ್ಣ ಸೇತುವೆಯಂಥ ಜಾಗಕ್ಕೆ, ಹಿಂದಕ್ಕೆ ಬಾಗಿ ಪಕ್ಕಕ್ಕೆ ವಾಲಿ ತಿರುಗುವ ಪ್ರತಿ ಎಸೆತದಲ್ಲೂ ಒತ್ತಡ ಬೀಳುತ್ತದೆ. ಬುಮ್ರಾ ಅವರಿಗೆ 2019ರಲ್ಲಿ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್ ಆಗಿತ್ತು, 2023ರಲ್ಲಿ ನ್ಯೂಜಿಲೆಂಡ್‌ನಲ್ಲಿ ಬೆನ್ನಿನ ಆಪರೇಷನ್ ಆಯಿತು. ದೊಡ್ಡವರಿಗೇ ಹೀಗೆ ಅಂದರೆ ಬೆಳೆಯುವ ಮೂಳೆಯ ವಿಷಯ ಯೋಚಿಸಿ.

ಇಲ್ಲಿ ಕೈಪರೀಕ್ಷೆಯ ಮಿತಿಯನ್ನೂ ಹೇಳಬೇಕು. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ. ಅದರಲ್ಲಿ ನೋವು ಬರಲಿಲ್ಲ ಅಂತ ಫ್ರಾಕ್ಚರ್ ಇಲ್ಲ ಅನ್ನುವಂತಿಲ್ಲ. ಹುಡುಗನ ವಯಸ್ಸು, ಅವನು ಮಾಡುವ ಕೆಲಸ, ನೋವಿನ ಬದಿ, ಇವು ಆ ಪರೀಕ್ಷೆಗಿಂತ ಜಾಸ್ತಿ ಹೇಳುತ್ತವೆ. ಬೌಲಿಂಗ್ ಇವತ್ತೇ ನಿಲ್ಲಿಸಿ, ಈ ವಾರದಲ್ಲೇ ಮೂಳೆ ಡಾಕ್ಟರ್‌ಗೆ ತೋರಿಸಿ. ಎಂಆರ್‌ಐ ಬೇಕೇ ಬೇಕಾಗುವ ಜಾಗ ಇದು. ಬೇಗ ಸಿಕ್ಕಿದರೆ ವಿಶ್ರಾಂತಿಯಿಂದ ಬಹುತೇಕ ಕೂಡಿಕೊಳ್ಳುತ್ತದೆ.

ಇಂಟರ್ನ್ ಅವರೇ, ಇದೇ ವಯಸ್ಸಿನ ಇನ್ನೊಂದನ್ನು ನೆನಪಿಡಿ. ಹನ್ನೆರಡು ಹದಿಮೂರರ ಹುಡುಗ ಮಂಡಿ ನೋವು ಅಂತ ಕುಂಟುತ್ತಾ ಬಂದು, ಮಂಡಿಯಲ್ಲಿ ಏನೂ ಸಿಗದಿದ್ದರೆ ಹಿಪ್ ಕೀಲನ್ನು ನೋಡಿ. ತೊಡೆಯನ್ನು ಹೊಟ್ಟೆ ಕಡೆ ಮಡಚುವಾಗ ಕಾಲು ತಾನಾಗಿ ಹೊರಕ್ಕೆ ತಿರುಗಿದರೆ, ತೊಡೆಮೂಳೆಯ ತಲೆ ಜಾರುತ್ತಿರಬಹುದು. ನಡೆಸದೆ ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ಆಟಕ್ಕೆ ಸಂಬಂಧವೇ ಇಲ್ಲದೆ ರಾತ್ರಿ ಎಬ್ಬಿಸುವ ನೋವು, ಕಾರಣವಿಲ್ಲದ ಗಡ್ಡೆ, ಇವನ್ನೂ ಆಟದ ಗಾಯ ಅಂತ ತಳ್ಳಿಹಾಕಬೇಡಿ. ಮೂಳೆ ಕ್ಯಾನ್ಸರ್ ಹದಿಹರೆಯದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಂಡಿಯ ಸುತ್ತಲೇ.

ಬೌಲರ್_ಅಪ್ಪ_ದಾವಣಗೆರೆ

ಇವತ್ತು ಪ್ರಾಕ್ಟೀಸ್‌ಗೆ ಕಳಿಸಲಿಲ್ಲ. ಸೋಮವಾರ ತೋರಿಸುತ್ತೇವೆ. ತುಂಬಾ ಉಪಕಾರವಾಯಿತು ಡಾಕ್ಟ್ರೇ.

ಶಟಲ್_ಪ್ರೇಮಿ_ಜಯನಗರ

ನಮ್ಮ ಬ್ಯಾಡ್ಮಿಂಟನ್ ಗುಂಪಿನಲ್ಲಿ ನಲವತ್ತರ ಒಬ್ಬರಿಗೆ ಹಿಂದಿನಿಂದ ಯಾರೋ ಒದ್ದ ಹಾಗಾಯಿತಂತೆ. ತಿರುಗಿ ನೋಡಿದರೆ ಯಾರೂ ಇಲ್ಲ. ಪಾದ ಕೆಳಗೆ ಒತ್ತಲು ಆಗುತ್ತಿದೆ, ಹಾಗಾಗಿ ಮೀನಖಂಡದ ಉಳುಕು ಅಂತ ಸುಮ್ನೆ ಕೂತಿದ್ದಾರೆ. ಸರಿಯಾ?

ಲೀಡ್ಸ್_ಫಿಸಿಯೊ_ಅಕ್ಕ

ಸರಿಯಲ್ಲ, ಇವತ್ತೇ ತೋರಿಸಲಿ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಸ್ನಾಯುರಜ್ಜು ಹರಿದಿದ್ದರೂ ಬೇರೆ ಸ್ನಾಯುಗಳ ಬಲದಿಂದ ಪಾದ ಸ್ವಲ್ಪ ಒತ್ತಲು ಆಗುತ್ತದೆ. ಜನ ಮೋಸ ಹೋಗುವುದು ಇಲ್ಲೇ. ಬೋರಲು ಮಲಗಿಸಿ, ಪಾದ ಮಂಚದ ಅಂಚಿನಿಂದ ಹೊರಗೆ ಬರಲಿ. ಮೀನಖಂಡ ಹಿಂಡಿ. ಒಳ್ಳೆಯ ಕಾಲಲ್ಲಿ ಪಾದ ಕೆಳಮುಖವಾಗಿ ಅಲುಗುತ್ತದೆ. ಹರಿದ ಕಾಲಲ್ಲಿ ಅಲುಗುವುದಿಲ್ಲ. ಇದು ಥಾಂಪ್ಸನ್ ಪರೀಕ್ಷೆ. ನಾನು ಬಲವಾಗಿ ನಂಬುವ ಕೆಲವೇ ಪರೀಕ್ಷೆಗಳಲ್ಲಿ ಒಂದು.

ಬಿಪಿಟಿ_ಇಂಟರ್ನ್_ಧಾರವಾಡ

ಓದುತ್ತಾ ಇದ್ದರೆ ಒಂದೊಂದೂ ಬೇರೆ ಲೋಕ ಅನ್ನಿಸುತ್ತಿದೆ. ದಿನಾ ಅಭ್ಯಾಸ ಹೇಗೆ ಮಾಡಲಿ? ಹಾಗೇ ಭುಜದ ಬಗ್ಗೆಯೂ ಸ್ವಲ್ಪ ಹೇಳಿ, ಅದೇ ಜಾಸ್ತಿ ಭಯ.

ಕಬಡ್ಡಿ_ಫಿಸಿಯೊ_ಕರಾವಳಿ

ಒಂದು ತಿಂಗಳು ಮಂಡಿ ಮಾತ್ರ. ಸಿಕ್ಕ ಎಲ್ಲರ ಆರೋಗ್ಯವಂತ ಮಂಡಿ ಹಿಡಿದು ನೋಡಿ. ಗೆಳತಿಯರು, ತಮ್ಮ, ಹಾಸ್ಟೆಲ್‌ನವರು, ಯಾರಾದರೂ ಸರಿ. ಸಹಜವಾಗಿ ಸಡಿಲ ಮೈಯವರು, ಬಿಗಿ ಮೈಯವರು ಇಬ್ಬರೂ ಸಿಗುತ್ತಾರೆ. ಸಹಜ ಅಂದರೆ ಎಷ್ಟು ಅಗಲ ಅನ್ನೋದು ಬೆರಳಿಗೆ ಗೊತ್ತಾಗಲಿ. ಕೀಲಿನ ಗೆರೆ ಎಲ್ಲಿದೆ ಅಂತ ಕಣ್ಣುಮುಚ್ಚಿ ಹುಡುಕಿ. ಸ್ಕ್ಯಾನ್ ರಿಪೋರ್ಟ್ ತಂದ ಆಟಗಾರ ಬಂದರೆ ಕವರ್ ತೆಗೆಯಬೇಡಿ. ಮೊದಲು ನೀವು ಪರೀಕ್ಷಿಸಿ, ಏನಿರಬಹುದು ಅಂತ ಒಂದು ಸಾಲು ಬರೆಯಿರಿ, ಆಮೇಲೆ ರಿಪೋರ್ಟ್ ಓದಿ. ಸಾಧ್ಯವಾದರೆ ಆರ್ಥ್ರೋಸ್ಕೋಪಿ, ಅಂದರೆ ಕೀಲಿನೊಳಗೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್ ನಡೆಯುವಾಗ ನೋಡಲು ಅನುಮತಿ ಕೇಳಿ. ಅರಿವಳಿಕೆ ಕೊಟ್ಟಾಗ ಸರ್ಜನ್ ಮಾಡುವ ಪಿವಟ್ ಶಿಫ್ಟ್ ಒಂದು ಸಲ ಕಣ್ಣಾರೆ ನೋಡಿದರೆ ಮರೆಯುವುದಿಲ್ಲ.

ಮೂಳೆ_ಡಾಕ್ಟರ್_ಬೆಂಗಳೂರು

ಭುಜಕ್ಕೆ ಹೆದರಬೇಡಿ. ಹಾಕಿನ್ಸ್, ನೀರ್, ಎಂಪ್ಟಿ ಕ್ಯಾನ್ ಪರೀಕ್ಷೆಗಳೆಲ್ಲ ನೋವು ತರಿಸುತ್ತವೆ. ಆದರೆ ಯಾವ ಭಾಗದಿಂದ ಅಂತ ಖಚಿತವಾಗಿ ಹೇಳುವುದು ಯಾವುದಕ್ಕೂ ಆಗುವುದಿಲ್ಲ. ಅದಕ್ಕಿಂತ ಮೂರು ಪ್ರಶ್ನೆ ಸಾಕು. ಭುಜ ಜಾರಿತ್ತಾ ಅಥವಾ ಜಾರುವ ಭಯ ಇದೆಯಾ? ಬಲ ಹೋಗಿದೆಯಾ? ಎಲ್ಲ ದಿಕ್ಕಿನಲ್ಲೂ ಬಿಗಿದಿದೆಯಾ? ಕೈಯನ್ನು ಎತ್ತಿ ಹೊರಕ್ಕೆ ತಿರುಗಿಸುವಾಗ ನೋವಲ್ಲ, ಭುಜ ಜಾರುತ್ತದೆ ಅನ್ನುವ ಭಯ ಕಂಡರೆ ಅದು ಅಪ್ರಿಹೆನ್ಷನ್. ಆಟಗಾರನ ಮುಖ ನೋಡುತ್ತಿರಿ. ಪೈಲ್ವಾನನ ಭುಜ ಜಾರಿದ್ದರೆ, ಅದನ್ನು ಮತ್ತೆ ಜಾಗಕ್ಕೆ ಕೂರಿಸುವ ಮೊದಲೂ ಆಮೇಲೂ ತೋಳಿನ ಹೊರಭಾಗದ ಚರ್ಮದ ಸ್ಪರ್ಶ ಮತ್ತು ಮಣಿಕಟ್ಟಿನ ನಾಡಿ ನೋಡಿ ಬರೆಯಿರಿ.

ಪಿಇ_ಮೇಷ್ಟ್ರು_ಹಾಸನ

ಒಂದು ಕೊನೆಯ ಪ್ರಶ್ನೆ ಡಾಕ್ಟ್ರೇ. ಮಗುವನ್ನು ನಿಮ್ಮಂಥವರ ಹತ್ತಿರ ಕಳಿಸುವಾಗ ಚೀಟಿಯಲ್ಲಿ ಏನು ಬರೆದು ಕಳಿಸಲಿ?

ಮೂಳೆ_ಡಾಕ್ಟರ್_ಬೆಂಗಳೂರು

ರೋಗದ ಹೆಸರು ಬೇಡ ಮೇಷ್ಟ್ರೇ. ಯಾವ ಆಟ, ಎಷ್ಟು ಗಂಟೆಗೆ, ಪಾದ ಹೇಗಿತ್ತು, ಯಾವ ಕಡೆ ಮಡಚಿತು. ನೀವು ಕಣ್ಣಾರೆ ಕಂಡದ್ದು ಅದು, ನಮಗೆ ಮತ್ತೆ ಸಿಗುವುದಿಲ್ಲ. ಶಬ್ದ ಕೇಳಿಸಿತಾ, ಎದ್ದು ನಡೆದಳಾ, ಊತ ಎಷ್ಟು ಹೊತ್ತಿಗೆ ಬಂತು, ಬೆರಳು ತಣ್ಣಗಿತ್ತಾ, ಜುಮ್ ಅಂತಿತ್ತಾ. ಮೊದಲೇ ಅದೇ ಕಾಲಿಗೆ ಪೆಟ್ಟಾಗಿತ್ತಾ. ಐಸ್ ಬಿಟ್ಟು ಬೇರೆ ಏನಾದರೂ ಮಾಡಿದ್ದರೆ, ಎಣ್ಣೆಯೋ ಕಟ್ಟೋ, ಅದನ್ನೂ ಸಂಕೋಚವಿಲ್ಲದೆ ಬರೆಯಿರಿ. ಫೋನ್‌ನಲ್ಲಿ ಯಾರಾದರೂ ಆಟದ ವಿಡಿಯೊ ಮಾಡಿದ್ದರೆ ಅದನ್ನೂ ಕಳಿಸಿ.